ಭುಜದ ಕೀಲು ಬದಲಿಸಿದರೆ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ಬೇಡವಂತೆ, ಹೌದಾ?

ರಾಣೆಬೆನ್ನೂರು ಮಗಳು:
ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅವ್ವನಿಗೆ 71 ವರ್ಷ. ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದು ಬಲ ಭುಜದ ಎಲುಬು ಚೂರಾಗಿದೆ. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಪ್ಲೇಟ್ ಹಾಕಿದರೆ ನಿಲ್ಲೋದು ಕಷ್ಟ, ಕೀಲನ್ನೇ ಬದಲಿಸಬೇಕು ಅಂದರು. 'ರಿವರ್ಸ್' ಅಂತ ಏನೋ ಹೇಳಿದರು. ಬರುವ ವಾರ ಆಪರೇಷನ್.

ನನ್ನ ಚಿಂತೆ ಬೇರೆ. ನಮ್ಮ ಅತ್ತೆಗೆ ಮಂಡಿ ಬದಲಿಸಿದಾಗ ದಿನಾ ಹೊಟ್ಟೆಗೆ ಸಣ್ಣ ಇಂಜೆಕ್ಷನ್ ಕೊಡುತ್ತಿದ್ದರು. ಮನೆಗೆ ಬಂದ ಮೇಲೂ ಮಾತ್ರೆ ಇತ್ತು. ರಕ್ತ ಹೆಪ್ಪುಗಟ್ಟಬಾರದು ಅಂತ. ಅವ್ವನಿಗೂ ಕೊಡ್ತೀರಾ ಅಂತ ಕೇಳಿದೆ. 'ಇದು ಕೈ ಆಪರೇಷನ್, ಮರುದಿನವೇ ಎಬ್ಬಿಸಿ ನಡೆಸ್ತೀವಿ, ಬೇಕಾಗಲಿಕ್ಕಿಲ್ಲ, ನೋಡೋಣ' ಅಂದರು. ಆ 'ನೋಡೋಣ' ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಅವ್ವ ದಪ್ಪ ಇದ್ದಾಳೆ, ಬಿ.ಪಿ. ಇದೆ, ಎರಡೂ ಕಾಲಲ್ಲಿ ನರ ಉಬ್ಬಿವೆ. ಇದು ಅಸಡ್ಡೆಯಾ, ಅಥವಾ ಪದ್ಧತಿಯೇ ಹೀಗಾ?

ನವಲಗುಂದ ಹುಡುಗ:
ಅಕ್ಕಾರೆ, ಕೈಗೆ ಆಪರೇಷನ್ ಮಾಡಿದರೆ ಕಾಲಲ್ಲಿ ಯಾಕೆ ರಕ್ತ ಹೆಪ್ಪುಗಟ್ಟುತ್ತದೆ? ಮೊಬೈಲಲ್ಲಿ ಹುಡುಕಿ ಹುಡುಕಿ ಹೆದರಬೇಡಿ. ಸುಮ್ನೆ ಡಾಕ್ಟರ್ ಮಾತು ಕೇಳಿ.

ಬೆಟಗೇರಿ ಮಗ್ಗ:
ತಮ್ಮಾ, ಗಟ್ಟುತ್ತದೆ. ನಮ್ಮ ಅಪ್ಪನಿಗೇ ಆಗಿದೆ.

ಅಪ್ಪ ಜೀವನಪೂರ್ತಿ ಮಗ್ಗದಲ್ಲಿ ಕೂತವರು. ಎಡ ಭುಜ ಸವೆದು ಕೈ ಎತ್ತೋಕೆ ಆಗುತ್ತಿರಲಿಲ್ಲ. ಕೀಲು ಬದಲಿಸಿದರು, ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ವಾರದಲ್ಲಿ ಒಂದು ಸಂಜೆ ಮೆಟ್ಟಿಲು ಹತ್ತುವಾಗ ದಮ್ಮು ಬಂತು. ಉಸಿರು ಮೇಲೆಳೆದರೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು. ಹತ್ತಿರದ ದವಾಖಾನೆಯೊಂದಕ್ಕೆ ಕರೆದುಕೊಂಡು ಹೋದೆವು. ಗ್ಯಾಸ್ ಅಂತ ಗುಳಿಗೆ ಕೊಟ್ಟು ಕಳಿಸಿದರು. ಭುಜದ ಆಪರೇಷನ್ ಆಗಿದೆ ಅಂತ ಹೇಳಿದರೂ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಜಾಸ್ತಿ ಆಯಿತು. ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಓಡಿದೆವು. ಅಲ್ಲಿ ಮೊದಲು ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದರು, ಕಡಿಮೆ ಇತ್ತು. ಸಿ.ಟಿ. ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪು ಕಾಣಿಸಿತು. ಆಮೇಲೆ ಕಾಲಿಗೆ ಡಾಪ್ಲರ್, ಅಂದರೆ ರಕ್ತದ ಓಟ ನೋಡುವ ಸ್ಕ್ಯಾನ್ ಮಾಡಿದರು, ಮೂಲ ಅಲ್ಲೇ ಇತ್ತು. ಅಪ್ಪ ಒಂದು ದಿನವೂ ಕಾಲು ನೋವು ಅಂದವರಲ್ಲ.

ಈಗ ಆರಾಮ ಇದ್ದಾರೆ. ಮೊದಲು ಇಂಜೆಕ್ಷನ್, ಆಮೇಲೆ ಮೂರು ತಿಂಗಳು ದಾಟುವವರೆಗೆ ಮಾತ್ರೆ ಕೊಟ್ಟರು.

ರಾಣೆಬೆನ್ನೂರು ಮಗಳು:
ಅಯ್ಯೋ. ಈಗ ಇನ್ನೂ ಹೆದರಿಕೆ ಆಯಿತು.

ಎಲುಬಿನ ಡಾಕ್ಟರ್, ಧಾರವಾಡ:
ಅಮ್ಮಾ, ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಮೇಲಿನವರು ಬರೆದದ್ದು ನಿಜ, ಆದರೆ ಅದು ಅಪರೂಪ. ಭುಜದ ಕೀಲು ಬದಲಿಸಿದವರಲ್ಲಿ ತೊಂದರೆ ಕೊಡುವಂಥ ಹೆಪ್ಪು ಬರೋದು, ಹೆಚ್ಚಿನ ದೊಡ್ಡ ಲೆಕ್ಕಗಳ ಪ್ರಕಾರ, ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮಂಡಿ, ಸೊಂಟದ ಕೀಲಿಗೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಸೊನ್ನೆ ಅಲ್ಲ. ಇನ್ನೊಂದು ವಿಷಯ ಇದೆ. ತೊಂದರೆ ಇರಲಿ ಬಿಡಲಿ, ಆಪರೇಷನ್ ಆದ ಎಲ್ಲರನ್ನೂ ಸ್ಕ್ಯಾನ್ ಮಾಡಿ ನೋಡಿದರೆ ಸಂಖ್ಯೆ ಏರುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರು ಜನರನ್ನು ಹಾಗೆ ನೋಡಿದರು. ಹತ್ತಕ್ಕಿಂತ ಜಾಸ್ತಿ ಜನರಲ್ಲಿ ಹೆಪ್ಪು ಸಿಕ್ಕಿತು. ಕೆಲವು ಕೈಯಲ್ಲಿ, ಕೆಲವು ಕಾಲಲ್ಲಿ. ಬಹಳಷ್ಟು ಹೆಪ್ಪು ಗೊತ್ತೇ ಆಗದೆ ಕರಗಿ ಹೋಗುತ್ತದೆ. ಅದಕ್ಕೇ ಈ ಎರಡು ಲೆಕ್ಕಗಳ ನಡುವೆ ಇಷ್ಟು ಅಂತರ.

ನವಲಗುಂದದವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಕಾಲಲ್ಲಿ ಯಾಕೆ? ರಕ್ತ ಹೆಪ್ಪುಗಟ್ಟಲು ಮೂರು ಕಾರಣ ಅಂತ ನಾವು ಕಾಲೇಜಿನಲ್ಲಿ ಕಲಿಯುತ್ತೇವೆ. 19ನೇ ಶತಮಾನದ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಹೆಸರಿನಲ್ಲಿ ಅವು ಇವತ್ತಿಗೂ ಇವೆ. ರಕ್ತದ ಓಟ ನಿಧಾನ ಆಗೋದು, ರಕ್ತನಾಳಕ್ಕೆ ಪೆಟ್ಟಾಗೋದು, ರಕ್ತವೇ ಬೇಗ ಗಟ್ಟಿಯಾಗುವ ಗುಣಕ್ಕೆ ತಿರುಗೋದು. ಎಲ್ಲೇ ಎಲುಬು ಮುರಿಯಲಿ, ಎಲ್ಲೇ ದೊಡ್ಡ ಆಪರೇಷನ್ ಆಗಲಿ, ಮೂರನೆಯದು ಇಡೀ ಮೈಯಲ್ಲಿ ಆಗುತ್ತದೆ. ಮೈಮರೆಸಿ ಮಲಗಿಸಿದಾಗ ಕಾಲಿನ ಮಾಂಸಖಂಡ ಅಲ್ಲಾಡೋದಿಲ್ಲ, ಅಲ್ಲಿ ಓಟ ನಿಧಾನ ಆಗುತ್ತದೆ. ಇನ್ನು ಆಪರೇಷನ್ ಮಾಡುವಾಗ ನಾವು ಕೈಯನ್ನು ಹಿಂದಕ್ಕೆ ಚಾಚಿ ಹೊರಗೆ ತಿರುಗಿಸುತ್ತೇವೆ. ಆಗ ಕಂಕುಳಿನ ದೊಡ್ಡ ರಕ್ತನಾಳ ತಿರುಚಿಕೊಂಡು ಎಳೆದ ಹಾಗೆ ಆಗುತ್ತದೆ. ಅದೇ ಕೈಯಲ್ಲಿ ಹೆಪ್ಪು ಬರೋದಕ್ಕೆ ಇದೂ ಒಂದು ಕಾರಣ.

ಈಗ ಇಂಜೆಕ್ಷನ್ ವಿಷಯ. ಮಂಡಿ, ಸೊಂಟಕ್ಕೆ ಹೆಪ್ಪು ತಡೆಯುವ ಮದ್ದು ಕೊಡಬೇಕು ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ಭುಜಕ್ಕೆ ಹಾಗಿಲ್ಲ. ಇಂಗ್ಲೆಂಡಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ನೋಡಿ. ಕೈ, ಭುಜದ ಆಪರೇಷನ್ನಿಗೆ ಪೂರ್ತಿ ಮೈಮರೆಸುವ ಅರಿವಳಿಕೆ 90 ನಿಮಿಷ ದಾಟುವುದಾದರೆ, ಅಥವಾ ಆಮೇಲೆ ರೋಗಿ ಓಡಾಡೋದು ಕಷ್ಟ ಆಗುವುದಾದರೆ ತಡೆಯುವ ಕ್ರಮದ ಬಗ್ಗೆ ಯೋಚಿಸಿ ಅನ್ನುತ್ತದೆ. ಎಲ್ಲರಿಗೂ ಕೊಡಿ ಅನ್ನೋದಿಲ್ಲ. ಕಾರಣ ಇಷ್ಟೇ. ರಕ್ತ ತೆಳು ಮಾಡಿದರೆ ಗಾಯದೊಳಗೆ ರಕ್ತ ಸೋರಿ ನಿಲ್ಲುತ್ತದೆ. ಹಾಗೆ ನಿಂತ ರಕ್ತದಲ್ಲಿ ಸೋಂಕು ಹಿಡಿದರೆ ಹೊಸ ಕೀಲನ್ನೇ ತೆಗೆಯುವ ಪರಿಸ್ಥಿತಿ ಬರಬಹುದು. ಭುಜದ ಸರ್ಜನ್ ಎರಡೂ ಕಡೆ ತೂಗಿ ನೋಡುತ್ತಾನೆ.

ನಿಮ್ಮ ಡಾಕ್ಟರ್ 'ನೋಡೋಣ' ಅಂದದ್ದು ಅಸಡ್ಡೆ ಅಂತ ನನಗೆ ಅನಿಸೋದಿಲ್ಲ. ಆದರೆ ಯಾವುದನ್ನು ನೋಡಿ ನಿರ್ಧಾರ ಮಾಡ್ತೀರಿ ಅಂತ ನೀವು ಕೇಳಬೇಕು. ನಿಮ್ಮ ತಾಯಿಯ ವಯಸ್ಸು, ತೂಕ, ಕಾಲಿನ ಉಬ್ಬಿದ ನರ, ಎಲ್ಲಕ್ಕಿಂತ ಜಾಸ್ತಿ ಎಲುಬು ಮುರಿದಿರುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸವೆತಕ್ಕೆ ಕೀಲು ಬದಲಿಸಿದವರಿಗಿಂತ ಎಲುಬು ಮುರಿದು ಬದಲಿಸಿಕೊಂಡವರಿಗೆ ಅಪಾಯ ಸ್ವಲ್ಪ ಜಾಸ್ತಿ. ಹಿಂದೆ ಯಾವತ್ತಾದರೂ ಕಾಲಲ್ಲಿ ಹೆಪ್ಪುಗಟ್ಟಿತ್ತಾ? ಒಡಹುಟ್ಟಿದವರಿಗೆ? ಕ್ಯಾನ್ಸರ್ ಚಿಕಿತ್ಸೆ ಆಗಿದೆಯಾ? ಹಾರ್ಮೋನ್ ಮಾತ್ರೆ ಏನಾದರೂ ಇದೆಯಾ? ಡಾಕ್ಟರ್ ಕೇಳದಿದ್ದರೆ ನೀವೇ ಹೇಳಿ.

ಲಕ್ಷ್ಮೇಶ್ವರ ತಂಗಿ:
ಸರ್, ನಮ್ಮ ಯಜಮಾನರಿಗೆ ಭುಜದ ಆಪರೇಷನ್ ಆಗಿ ನಾಲ್ಕು ದಿನ. ಕೈ ಮೊಣಕೈ ತನಕ ಕಪ್ಪು ನೀಲಿ ಆಗಿದೆ. ಎದೆಯ ಮೇಲೂ ಇದೆ. ಇದೂ ಹೆಪ್ಪುಗಟ್ಟಿದ್ದೇ ಅಲ್ವಾ?

ಎಲುಬಿನ ಡಾಕ್ಟರ್, ಧಾರವಾಡ:
ಅದು ಬೇರೆ ತಾಯಿ. ಭುಜದಲ್ಲಿ ಸೋರಿದ ರಕ್ತ ಚರ್ಮದ ಕೆಳಗೆ ಇಳಿಯುತ್ತಾ ಬರುತ್ತದೆ. ಮೊದಲು ತೋಳು, ಆಮೇಲೆ ಮೊಣಕೈ, ಕೆಲವರಿಗೆ ಪಕ್ಕೆ. ನೋಡೋಕೆ ಭಯ ಆಗುತ್ತದೆ. ಒಂದೆರಡು ವಾರದಲ್ಲಿ ಹಸಿರು ಹಳದಿ ಆಗಿ ಹೋಗುತ್ತದೆ. ಬಣ್ಣ ನೋಡಿ ಹೆದರಬೇಡಿ, ಬಾವು ನೋಡಿ. ಇಡೀ ಕೈ ಬಿಗಿಯಾಗಿ ಊದಿ, ಭಾರ ಆಗಿ, ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಾ ಹೋದರೆ, ಭುಜ ಎದೆಯ ಮೇಲೆ ನರಗಳು ಉಬ್ಬಿ ಕಾಣಿಸಿದರೆ ಅದೇ ದಿನ ತೋರಿಸಿ. ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು ಬೆರಳು ಆಡಿಸಿದ ಮೇಲೆ ಬಾವು ಇಳಿಯುತ್ತಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಆದರೂ ನಿಮ್ಮ ಸರ್ಜನ್ ಕಡೆ ಒಮ್ಮೆ ಫೋಟೋ ಕಳಿಸಿ ಕೇಳಿ.

ಕಾಲಿನದ್ದು ಗುರುತಿಸೋದು ಹೀಗೆ. ಒಂದೇ ಕಾಲಿನ ಮೀನಖಂಡ ನೋಯೋದು, ಊದೋದು, ಮುಟ್ಟಿದರೆ ಬಿಸಿ ಇರೋದು. ಎರಡೂ ಕಾಲು ಸಮನಾಗಿ ಊದಿದರೆ ಕಾರಣ ಬೇರೆ ಇರಬಹುದು. ಎದೆಯದ್ದು ಬೆಟಗೇರಿಯವರು ಬರೆದ ಹಾಗೆ. ಇದ್ದಕ್ಕಿದ್ದಂತೆ ದಮ್ಮು, ಉಸಿರೆಳೆದರೆ ಚುಚ್ಚುವ ನೋವು, ಎದೆ ಬಡಿತ, ಕೆಮ್ಮಿದರೆ ರಕ್ತ, ಕಣ್ಣು ಕತ್ತಲೆ ಬಂದು ಬೀಳೋದು. ಆಗ ಯಾರನ್ನೂ ಕೇಳುತ್ತಾ ಕೂಡಬೇಡಿ, 108ಕ್ಕೆ ಫೋನ್ ಮಾಡಿ.

ನವಲಗುಂದ ಹುಡುಗ:
ಸರ್, ನಮ್ಮ ದೊಡ್ಡಪ್ಪನಿಗೆ ಭುಜದ ಆಪರೇಷನ್ ಆದ ದಿನವೇ ದಮ್ಮು ಬಂದಿತ್ತು. ಕಣ್ಣಿನ ರೆಪ್ಪೆಯೂ ಒಂದು ಕಡೆ ಇಳಿಬಿದ್ದಿತ್ತು. ನಾವು ಲಕ್ವ ಹೊಡೆಯಿತು ಅಂತ ಅತ್ತೇಬಿಟ್ಟಿದ್ದೆವು. ಬೆಳಿಗ್ಗೆ ಅಷ್ಟೊತ್ತಿಗೆ ಎಲ್ಲಾ ಸರಿ ಆಗಿತ್ತು. ಅದೇನು?

ಎಲುಬಿನ ಡಾಕ್ಟರ್, ಧಾರವಾಡ:
ಒಳ್ಳೆ ಪ್ರಶ್ನೆ. ಭುಜದ ಆಪರೇಷನ್ನಿಗೆ ಕುತ್ತಿಗೆಯ ಪಕ್ಕ ಒಂದು ಇಂಜೆಕ್ಷನ್ ಕೊಟ್ಟು ಕೈಯನ್ನು ಮರಗಟ್ಟಿಸುತ್ತಾರೆ. ಆ ಮದ್ದು ಪಕ್ಕದ ನರಗಳಿಗೂ ಹರಡುತ್ತದೆ. ಉಸಿರಾಟಕ್ಕೆ ಬೇಕಾದ ವಪೆ, ಅಂದರೆ ಎದೆ ಹೊಟ್ಟೆ ನಡುವಿನ ಸ್ನಾಯುವಿನ ಪದರ, ಆ ಕಡೆ ಅರ್ಧ ಕೆಲಸ ನಿಲ್ಲಿಸುತ್ತದೆ. ರೆಪ್ಪೆ ಇಳಿಯೋದು, ದನಿ ಒಡೆಯೋದು ಕೂಡ ಮದ್ದು ಹಾಗೆ ಹರಡೋದರಿಂದಲೇ. ಮದ್ದು ಇಳಿದ ಮೇಲೆ ಸರಿ ಆಗುತ್ತದೆ, ಸಾಮಾನ್ಯವಾಗಿ ಒಂದು ದಿನದೊಳಗೆ. ಆಗ ರೋಗಿ ದವಾಖಾನೆಯಲ್ಲೇ ಇರುತ್ತಾರೆ, ಅಲ್ಲಿನವರು ನೋಡಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ, ವಾರ ಹತ್ತು ದಿನ ಕಳೆದು ಬರುವ ದಮ್ಮಿಗೆ ಮಾತ್ರ ಈ ಕಾರಣ ಹೇಳಬೇಡಿ.

ಫಿಸಿಯೋ, ಹುಬ್ಬಳ್ಳಿ:
ನಾನು ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಡಾಕ್ಟರ್ ಹೇಳದ ಒಂದು ಮಾತು ನಾನು ಹೇಳುತ್ತೇನೆ. ಭುಜದ ಆಪರೇಷನ್ ಆದವರು ಕುರ್ಚಿಗೆ ಅಂಟಿಕೊಳ್ಳುತ್ತಾರೆ.

ಯಾಕಂದರೆ ಚಪ್ಪಟೆ ಮಲಗಿದರೆ ಭುಜ ಜಗ್ಗುತ್ತದೆ, ನೋವಾಗುತ್ತದೆ. ಹಾಗಾಗಿ ಆರಾಮ ಕುರ್ಚಿಯಲ್ಲಿ ಒರಗಿಕೊಂಡೇ ರಾತ್ರಿ ಕಳೆಯುತ್ತಾರೆ. ಹಗಲೂ ಅದೇ ಕುರ್ಚಿ, ಎದುರಿಗೆ ಟಿ.ವಿ. ಕಾಲು ಕೆಳಗೆ ಇಳಿಬಿಟ್ಟು, ಮಂಡಿ ಮಡಚಿ ಗಂಟೆಗಟ್ಟಲೆ. ನಿಂತ ನೀರು ಪಾಚಿಗಟ್ಟಿದ ಹಾಗೆ. 'ಕಾಲಿಗೆ ಏನೂ ಆಗಿಲ್ಲವಲ್ಲ, ಓಡಾಡಿ' ಅಂದರೆ 'ಕೈ ನೋಯ್ತದ' ಅನ್ನುತ್ತಾರೆ.

ಹೆಣ್ಣುಮಕ್ಕಳದ್ದು ಇನ್ನೊಂದು ಕಥೆ. ಒಂದೇ ಕೈಯಲ್ಲಿ ಸೀರೆ ಎತ್ತಿಕೊಂಡು ಪಾಯಖಾನೆಗೆ ಹೋಗೋದು ಎಷ್ಟು ಕಷ್ಟ ಅಂತ ಗಂಡಸರಿಗೆ ಗೊತ್ತಿಲ್ಲ. ಪ್ರತಿ ಸಲ ಸೊಸೆಯನ್ನು ಕರೆಯಬೇಕು. ಸಂಕೋಚ. ಅದಕ್ಕೆ ಏನು ಮಾಡುತ್ತಾರೆ? ನೀರು ಕುಡಿಯೋದನ್ನೇ ಬಿಡುತ್ತಾರೆ. ನೀರು ಕಮ್ಮಿ ಆದರೆ ರಕ್ತ ಗಟ್ಟಿ, ಎದ್ದು ಓಡಾಡೋದೂ ಕಮ್ಮಿ. ಗದಗದ ಬೇಸಿಗೆಯಲ್ಲಂತೂ ಕೇಳಲೇಬೇಡಿ. ನಾನು ಹೋದ ಮನೆಯಲ್ಲೆಲ್ಲ ಮೊದಲು ಹೇಳೋದು ಇದನ್ನೇ. ಕೆಲವು ವಾರ ಸೀರೆ ಬಿಟ್ಟು ಮುಂದೆ ಗುಂಡಿ ಇರುವ ಸಡಿಲ ನೈಟಿ ಹಾಕಿಸಿ. ಪಾಯಖಾನೆಯಲ್ಲಿ ಕೂಡುವ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ. ಪಕ್ಕದಲ್ಲಿ ಮಜ್ಜಿಗೆ ತಂಬಿಗೆ ಇಡಿ. ಹೃದಯದ ತೊಂದರೆಗೆ ನೀರು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದವರಿಗೆ ಈ ಮಾತು ಅನ್ವಯ ಆಗಲ್ಲ, ಅವರು ಕೇಳಿಯೇ ಕುಡಿಯಬೇಕು.

ಅಕ್ಕಾ, ನಿಮ್ಮ ಅವ್ವನಿಗೆ ಇವತ್ತಿನಿಂದಲೇ ಕಾಲಿನ ವ್ಯಾಯಾಮ ಶುರು ಮಾಡಿಸಿ. ಬಿದ್ದು ಎಲುಬು ಮುರಿದ ದಿನದಿಂದಲೇ ಅಪಾಯ ಶುರು, ಆಪರೇಷನ್ ತನಕ ಕಾಯೋದಿಲ್ಲ. ಪಾದವನ್ನು ಮೇಲೆ ಕೆಳಗೆ ಮಾಡೋದು, ಗಂಟೆಗೊಮ್ಮೆ ಹತ್ತು ಹದಿನೈದು ಸಲ. ಮನೆಯೊಳಗೆ ಜಗಲಿಯಿಂದ ಅಡುಗೆಮನೆ ತನಕ ನಡೆದಾಡೋದು. ಆಪರೇಷನ್ ಆದ ಕೈಯ ಬೆರಳು, ಮಣಿಕಟ್ಟು ಆಡಿಸೋದು, ಮೆತ್ತನೆ ಚೆಂಡು ಹಿಸುಕೋದು. ಭುಜವನ್ನು ಮಾತ್ರ ನಿಮ್ಮ ಫಿಸಿಯೋ ಹೇಳದೆ ಎತ್ತಿಸಬೇಡಿ.

ಇನ್ನೊಂದು. ಆ ಕೈಯ ಬಳೆ ಉಂಗುರ ಈಗಲೇ ತೆಗೆಸಿ. ಕೈ ಊದಿದ ಮೇಲೆ ಬಳೆ ಕತ್ತರಿಸಬೇಕಾಗುತ್ತದೆ. ಮುತ್ತೈದೆಯ ಬಳೆ ತೆಗೆಯಬಾರದು ಅಂತ ಅಜ್ಜಿಯಂದಿರು ಜಗಳ ಮಾಡುತ್ತಾರೆ. ಇನ್ನೊಂದು ಕೈಗೆ ಎರಡು ಜಾಸ್ತಿ ಹಾಕಿಸಿ, ಜಗಳ ಮುಗಿಯುತ್ತದೆ.

ವಿದ್ಯಾನಗರ ಅಜ್ಜ:
ಇಷ್ಟೆಲ್ಲ ಯಾಕೆ? ದಿನಾ ಬೆಳಿಗ್ಗೆ ಬೆಳ್ಳುಳ್ಳಿ ಎಸಳು ನುಂಗಿಸಿ, ಅರಿಶಿನ ಕಷಾಯ ಕುಡಿಸಿ. ರಕ್ತ ತಾನಾಗಿಯೇ ತೆಳು ಆಗುತ್ತದೆ.

ಮೆಡಿಕಲ್ ಅಂಗಡಿ, ಶಿಗ್ಗಾಂವಿ:
ಅಜ್ಜಾರೆ, ಕ್ಷಮಿಸಿ, ಇದು ಅಪಾಯದ ಮಾತು. ಒಗ್ಗರಣೆಯ ಬೆಳ್ಳುಳ್ಳಿ, ಸಾರಿನ ಅರಿಶಿನ ಬೇರೆ. ಔಷಧಿಯಂತೆ ದಿನಾ ಜಾಸ್ತಿ ತಗೊಂಡರೆ ಆಪರೇಷನ್‌ನಲ್ಲಿ ರಕ್ತಸ್ರಾವ ಜಾಸ್ತಿ ಆಗಬಹುದು. ಹೆಪ್ಪು ತಡೆಯುತ್ತದೆ ಅನ್ನೋದಕ್ಕೆ ಖಾತ್ರಿ ಇಲ್ಲ. ಕಷಾಯ, ಬೆಳ್ಳುಳ್ಳಿ ಮಾತ್ರೆ ಏನೇ ತಗೊಳ್ತಿದ್ದರೂ ಅರಿವಳಿಕೆ ಡಾಕ್ಟರ್‌ಗೆ ಹೇಳಿ.

ನನ್ನ ಕೌಂಟರಿಗೆ ಬರುವವರಲ್ಲಿ ನಾನು ದಿನಾ ನೋಡುವ ತೊಂದರೆ ಇನ್ನೊಂದಿದೆ. ರಕ್ತ ತೆಳು ಮಾಡುವ ಮಾತ್ರೆ ನಡೀತಿರುತ್ತದೆ. ಭುಜ ನೋಯ್ತು ಅಂತ ಬಂದು ನೋವಿನ ಗುಳಿಗೆ ಕೇಳುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು ಅದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಚೀಟಿ ಇಲ್ಲದೆ ಕೇಳಬೇಡಿ, ನಾವೂ ಕೊಡಬಾರದು. ಮಲ ಡಾಂಬರಿನಂತೆ ಕಪ್ಪಾದರೆ ತಡ ಮಾಡದೆ ದವಾಖಾನೆಗೆ ಹೋಗಿ.

ಬೆಟಗೇರಿ ಮಗ್ಗ:
ಶಿಗ್ಗಾಂವಿಯವರೆ, ಅಪ್ಪನ ಜೊತೆ ವಾರ್ಡಿನಲ್ಲಿದ್ದ ಒಬ್ಬರಿಗೆ ಸೊಪ್ಪು ತಿನ್ನಲೇಬೇಡಿ ಅಂದಿದ್ದರು. ಅಪ್ಪನಿಗೆ ಹಾಗೆ ಹೇಳಲಿಲ್ಲ. ಯಾಕೆ?

ಮೆಡಿಕಲ್ ಅಂಗಡಿ, ಶಿಗ್ಗಾಂವಿ:
ಅವರದ್ದು ವಾರ್ಫರಿನ್ ಇದ್ದಿರಬೇಕು. ಅದು ಹಳೇ ಮಾತ್ರೆ, ಅಗ್ಗ. ಆದರೆ ಐ.ಎನ್.ಆರ್. ಅನ್ನುವ ರಕ್ತ ಪರೀಕ್ಷೆ ಮತ್ತೆ ಮತ್ತೆ ಮಾಡಿಸಬೇಕು. ಕಾಲಿನ, ಶ್ವಾಸಕೋಶದ ಹೆಪ್ಪಿಗೆ ಅದು 2ರಿಂದ 3ರ ಒಳಗೆ ಇರಬೇಕು. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ವಾರ್ಫರಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಂತ ಸೊಪ್ಪು ಬಿಡಬೇಕಾಗಿಲ್ಲ. ರೊಟ್ಟಿ ಜೊತೆ ದಿನಾ ಮೆಂತ್ಯ, ಹಕ್ಕರಕಿ ತಿನ್ನುವವರು ಅಷ್ಟೇ ತಿನ್ನುತ್ತಾ ಇರಲಿ. ಒಂದು ವಾರ ಪೂರ್ತಿ ಬಿಟ್ಟು ಇನ್ನೊಂದು ವಾರ ಬುಟ್ಟಿಗಟ್ಟಲೆ ತಿಂದರೆ ಪರೀಕ್ಷೆಯ ಅಂಕಿ ಏರಿಳಿಯುತ್ತದೆ. ನಿಮ್ಮ ಅಪ್ಪನಿಗೆ ರಿವರೊಕ್ಸಬಾನ್, ಅಪಿಕ್ಸಬಾನ್ ಥರದ ಹೊಸ ಮಾತ್ರೆ ಕೊಟ್ಟಿರಬೇಕು. ಅದಕ್ಕೆ ಸೊಪ್ಪಿನ ತಾಪತ್ರಯ ಇಲ್ಲ, ಐ.ಎನ್.ಆರ್. ಇಲ್ಲ. ಈಗ ಜೆನೆರಿಕ್ ಕೂಡ ಸಿಗುತ್ತದೆ. ಆದರೆ ಒಂದು ಹೊತ್ತೂ ತಪ್ಪಿಸಬಾರದು.

ಹಾನಗಲ್ ಕಾಕಾ:
ನಾಚಿಕೆ ಬಿಟ್ಟು ಕೇಳುತ್ತೇನೆ. ಹೊಟ್ಟೆಗೆ ಕೊಡುವ ಆ ಇಂಜೆಕ್ಷನ್ ಹಂದಿಯ ಕರುಳಿನಿಂದ ಮಾಡುತ್ತಾರೆ ಅಂತ ಯಾರೋ ಹೇಳಿದರು. ನಮ್ಮ ಮನೆಯಲ್ಲಿ ಮೊಟ್ಟೆಯೂ ಮುಟ್ಟೋದಿಲ್ಲ. ಇದು ನಿಜವಾ?

ಎಲುಬಿನ ಡಾಕ್ಟರ್, ಧಾರವಾಡ:
ನಿಜ. ಹೆಪರಿನ್ ಮತ್ತು ಅದರಿಂದ ಮಾಡುವ ಎನಾಕ್ಸಪರಿನ್ ಹಂದಿಯ ಕರುಳಿನ ಒಳಪದರದಿಂದ ಬರುತ್ತವೆ. ಇದನ್ನು ಕೇಳಲು ನಾಚಿಕೆ ಯಾಕೆ? ಮೊದಲೇ ಹೇಳಿದರೆ ಬೇರೆ ದಾರಿ ಇದೆ. ಫೋಂಡಪರಿನಕ್ಸ್ ಅನ್ನುವ ಇಂಜೆಕ್ಷನ್ ಪೂರ್ತಿ ಪ್ರಯೋಗಾಲಯದಲ್ಲಿ ತಯಾರಾಗುವಂಥದ್ದು. ಅದನ್ನು ಎಲ್ಲರಿಗೂ ಕೊಡಲು ಬರೋದಿಲ್ಲ, ಕಿಡ್ನಿ ನೋಡಬೇಕು. ನಡುರಾತ್ರಿ ಜೀವ ಉಳಿಸುವ ಹೊತ್ತಿನಲ್ಲಿ ಈ ಚರ್ಚೆ ಮಾಡೋಕೆ ಆಗಲ್ಲ. ಆಪರೇಷನ್ನಿಗೆ ಮುಂಚೆ ಮಾತಾಡಿ.

ರಾಣೆಬೆನ್ನೂರು ಮಗಳು:
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇನ್ನೂ ಎರಡು ಪ್ರಶ್ನೆ. ತಮ್ಮ ಬೆಂಗಳೂರಿನಲ್ಲಿದ್ದಾನೆ. ಹೊಲಿಗೆ ಬಿಚ್ಚಿದ ಕೂಡಲೇ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಹೋಗಬಹುದಾ? ಮತ್ತೆ ಎಷ್ಟು ದಿನ ಈ ಹೆದರಿಕೆ ಇರುತ್ತದೆ?

ಎಲುಬಿನ ಡಾಕ್ಟರ್, ಧಾರವಾಡ:
ಮೊದಲ ಕೆಲವು ವಾರ ಜಾಸ್ತಿ ಎಚ್ಚರ. ಸುಮಾರು ಮೂರು ತಿಂಗಳ ತನಕ ಅಪಾಯ ಪೂರ್ತಿ ಹೋಗಿರೋದಿಲ್ಲ. ನಾಲ್ಕು ತಾಸು ದಾಟುವ ಪ್ರಯಾಣವೇ ಒಂದು ಕಾರಣ ಆಗಬಹುದು. ಹಾಗಾಗಿ ಬೆಂಗಳೂರು ಸ್ವಲ್ಪ ಮುಂದಕ್ಕೆ ಹಾಕಿ. ಹೋಗಲೇಬೇಕು ಅಂದರೆ ರೈಲು ವಾಸಿ, ಬೋಗಿಯೊಳಗೆ ಎದ್ದು ಓಡಾಡಬಹುದು. ಕಾರಾದರೆ ತಾಸಿಗೊಮ್ಮೆ ನಿಲ್ಲಿಸಿ ಇಳಿಸಿ ನಡೆಸಿ.

ಬೆಟಗೇರಿ ಮಗ್ಗ:
ಅಕ್ಕಾ, ಒಂದು ಮಾತು. ರಾಣೆಬೆನ್ನೂರಿನಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಗುತ್ತದೆ. ಆಪರೇಷನ್ ಅಲ್ಲಿ ಆಗಲಿ. ಆದರೆ ಮನೆಗೆ ಬಂದ ಮೇಲೆ ರಾತ್ರಿ ಹೊತ್ತು ಏನಾದರೂ ಆದರೆ ನಿಮಗೆ ದಾವಣಗೆರೆ ಅದರ ಅರ್ಧ ದಾರಿ. ಅಲ್ಲಿ ರಾತ್ರಿಯೂ ಸಿ.ಟಿ. ಮಾಡುವ ದವಾಖಾನೆ ಯಾವುದು ಅಂತ ಈಗಲೇ ವಿಚಾರಿಸಿ ನಂಬರ್ ಬರೆದಿಡಿ. ಡಿಸ್ಚಾರ್ಜ್ ಚೀಟಿಯ ಫೋಟೋ ಮನೆಯವರೆಲ್ಲರ ಮೊಬೈಲಲ್ಲೂ ಇರಲಿ. ಹೋದ ಕೂಡಲೇ 'ಭುಜದ ಕೀಲು ಬದಲಿಸಿದ್ದಾರೆ' ಅಂತ ಮೊದಲ ಮಾತಾಗಿ ಹೇಳಿ. ಗ್ಯಾಸ್ ಅಂದರೆ ಒಪ್ಪಬೇಡಿ, ಆಕ್ಸಿಜನ್ ನೋಡಿ ಅನ್ನಿ.

ಎಲುಬಿನ ಡಾಕ್ಟರ್, ಧಾರವಾಡ:
ಇದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ಕೆಲವು ಕಡೆ ಮೈಯಲ್ಲಿ ಹೆಪ್ಪು ಇರಬಹುದಾ ಅಂತ ನೋಡೋಕೆ ಡಿ-ಡೈಮರ್ ಅನ್ನುವ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಆಪರೇಷನ್ ಆದ ಹೊಸದರಲ್ಲಿ ಅದು ಹೆಚ್ಚುಕಡಿಮೆ ಎಲ್ಲರಿಗೂ ಜಾಸ್ತಿಯೇ ಬರುತ್ತದೆ. ಅಂಕಿ ನೋಡಿ ಎದೆ ಒಡೆದುಕೊಳ್ಳಬೇಡಿ. ಕಾಲು ಕೈಗೆ ಡಾಪ್ಲರ್, ಎದೆಗೆ ಸಿ.ಟಿ., ನಿಜ ಹೇಳೋದು ಅವು.

ರಾಣೆಬೆನ್ನೂರು ಮಗಳು:
ಇವತ್ತು ಹುಬ್ಬಳ್ಳಿಗೆ ಹೋಗಿ ಬಂದೆವು. ಧೈರ್ಯ ಮಾಡಿ ಎಲ್ಲಾ ಕೇಳಿದೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ, ಕೂಡಿಸಿ ಹೇಳಿದರು. 'ನೋಡೋಣ' ಅಂದದ್ದು ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಬಂದಿರಲಿಲ್ಲ ಅಂತ. ಆ ಇಂಜೆಕ್ಷನ್ ಕಿಡ್ನಿಯಿಂದ ಹೊರಗೆ ಹೋಗುತ್ತದಂತೆ, ಕಿಡ್ನಿ ಸರಿ ಇಲ್ಲದಿದ್ದರೆ ಮೈಯಲ್ಲೇ ಉಳಿದು ರಕ್ತಸ್ರಾವ ಆಗಬಹುದಂತೆ. ಅವ್ವನ ರಿಪೋರ್ಟ್ ಸರಿ ಇದೆ. ಆಪರೇಷನ್ ಎರಡು ತಾಸು ಹಿಡಿಯಬಹುದು, ಎಲುಬು ಮುರಿದಿದೆ, ತೂಕ ಇದೆ, ಹಾಗಾಗಿ ಮರುದಿನ ಗಾಯ ನೋಡಿ ಇಂಜೆಕ್ಷನ್ ಶುರು ಮಾಡ್ತೀವಿ ಅಂದರು. ಥಿಯೇಟರಿನಲ್ಲಿ ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಕಟ್ಟುತ್ತಾರಂತೆ. ಬಳೆ ತೆಗೆಸಿದ್ದೇನೆ. ಜಗಳ ಆಯಿತು.

ಹಾನಗಲ್ ಕಾಕಾ:
ಒಳ್ಳೇದಾಯಿತು ತಂಗಿ. ಡಾಕ್ಟರ್ ಸಾಹೇಬರೆ, ನನ್ನ ತಮ್ಮನಿಗೆ ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳು ಮಾಡುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರೆ ನಡೀತಿವೆ. ಅವನಿಗೂ ಭುಜ ಬದಲಿಸಬೇಕು ಅಂದಿದ್ದಾರೆ. ಆಪರೇಷನ್ ಇದೆ ಅಂತ ಎರಡೂ ಮಾತ್ರೆ ನಿನ್ನೆಯಿಂದ ಬಿಟ್ಟಿದ್ದಾನೆ. ಸರಿನಾ?

ಎಲುಬಿನ ಡಾಕ್ಟರ್, ಧಾರವಾಡ:
ಸರಿ ಅಲ್ಲ. ಈಗಲೇ ಅವರಿಗೆ ಫೋನ್ ಮಾಡಿ, ಸ್ಟೆಂಟ್ ಹಾಕಿದ ಹೃದಯದ ಡಾಕ್ಟರ್ ಜೊತೆ ಇವತ್ತೇ ಮಾತಾಡಲು ಹೇಳಿ. ಯಾವ ಮಾತ್ರೆ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಅನ್ನೋದನ್ನು ಅವರು ಮತ್ತು ಸರ್ಜನ್ ಸೇರಿ ಹೇಳಬೇಕು. ತಾನೇ ನಿಲ್ಲಿಸಿದರೆ ಸ್ಟೆಂಟಿನಲ್ಲೇ ಹೆಪ್ಪುಗಟ್ಟಬಹುದು. ಭುಜದ ಆಪರೇಷನ್ ಒಂದು ತಿಂಗಳು ತಡ ಆದರೂ ನಡೆಯುತ್ತದೆ.